ದೇವರ ಕಿವಿಯಲ್ಲಿ ಚಾಡಿ

ಕೊರಿಯಾದ ಮೊಕ್ಪೋ ಬಂದರಿನ ಹಳೇ ಸಂತೆಬೀದಿಯಲ್ಲಿ ಕಿಮ್ಚಿ, ಪಲ್ಯ ಮಾರುವ ತಾಕ್ ಯೊಂಗ್ಜಾಗೆ ಆಗದವರು ಬಹಳ ಮಂದಿ ಇದ್ದರು. ಆದರೆ ಮೇಂಗ್ ಇನ್ಸುನ್ ಹೆಸರು ಕೇಳಿದರೆ ಸಾಕು, ಮೈಯೆಲ್ಲ ಉರಿಯುತ್ತಿತ್ತು. ಇಬ್ಬರೂ ಒಂದೇ ಕ್ರೈಸ್ತ ಸಭೆಯವರು. ಮೇಂಗ್ ಅಲ್ಲಿ ಗ್ವೊನ್ಸಾ. ಸಭೆಯವರಿಂದ ಓಟು ಹಾಕಿಸಿ ಹಿರಿಯ ಹೆಂಗಸರಿಗೆ ಕೊಡುವ ದೊಡ್ಡ ಪದವಿ ಅದು. ಯೊಂಗ್ಜಾ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಚಿಪ್ಸಾ ಆಗಿಯೇ ಉಳಿದಿದ್ದಳು, ಮುಂದೆಯೂ ಅಷ್ಟೇ ಆಗಿರುವ ಲಕ್ಷಣ ಕಾಣುತ್ತಿತ್ತು.

ಮೇಂಗ್ ಗ್ವೊನ್ಸಾ ಬೆಳಗಾಗುವ ಮೊದಲೇ ಸಭೆಯ ಫೋನ್ ಗುಂಪಿನಲ್ಲಿ ತನ್ನ ಧ್ಯಾನವನ್ನು ಬರೆದು ಹಾಕುತ್ತಿದ್ದಳು. ‘ಇಂದು ಪಾತ್ರೆ ತೊಳೆಯುವಾಗ ಕರ್ತನು ನನ್ನೊಂದಿಗೆ ಮಾತಾಡಿದನು.’ ಅದರ ಕೆಳಗೆ ಕೈಮುಗಿದ ಚಿತ್ರ, ಕೆಂಪು ಹೃದಯ, ಅದರ ಕೆಳಗೆ ಇಡೀ ಸಭೆಯ ಆಮೆನ್. ಮೇಂಗಳ ಮನೆಯಲ್ಲಿ ಪಾತ್ರೆ ತೊಳೆಯುವುದು ಯಂತ್ರ. ಕರ್ತನು ಮಾತಾಡಿದ್ದರೆ ಯಂತ್ರದ ಜೊತೆ ಮಾತಾಡಿರಬೇಕು ಎಂದು ಯೊಂಗ್ಜಾ ಮೂಗು ಮುರಿಯುತ್ತಿದ್ದಳು. ಮೂಗು ಮುರಿದ ಮೇಲೆ ತಾನೂ ಆಮೆನ್ ಒತ್ತುತ್ತಿದ್ದಳು. ಒತ್ತದಿದ್ದರೆ ಯಾರು ಒತ್ತಿಲ್ಲ ಎಂದು ನೋಡುವವರು ಆ ಗುಂಪಿನಲ್ಲಿ ಬೇಕಾದಷ್ಟಿದ್ದರು.

ಆ ವರ್ಷ ಪಾಸ್ಟರಿಗೆ ಹೊಸ ಹುಚ್ಚು ಹಿಡಿದಿತ್ತು. ‘ದೇವರೊಂದಿಗೆ ಸದಾ ಸಂಪರ್ಕದಲ್ಲಿ’ ಎಂದು ವೇದಿಕೆಯ ಮೇಲೆ ಅಗಲವಾದ ಬಟ್ಟೆ ಕಟ್ಟಿಸಿದ್ದರು. ಮನುಷ್ಯನ ಆತ್ಮ ಮೊಬೈಲ್ ಇದ್ದಂತೆ, ಬೆಳಗಿನ ಪ್ರಾರ್ಥನೆ ಚಾರ್ಜರ್ ಇದ್ದಂತೆ ಎಂದು ವಾರಗಟ್ಟಲೆ ಅದನ್ನೇ ತಿರುವಿ ತಿರುವಿ ಬಡಿಸಿದರು. ಜನ ಮೊದಲ ಸಲ ಕೇಳಿದವರಂತೆ ತಲೆದೂಗಿದರು.

ಯೊಂಗ್ಜಾ ಬೆಳಗಿನ ಪ್ರಾರ್ಥನೆ ತಪ್ಪಿಸುತ್ತಿರಲಿಲ್ಲ. ಅದಕ್ಕೆ ಪಾಸ್ಟರ ಚಾರ್ಜರ್ ಕಾರಣವಲ್ಲ. ಗಂಡ ತೀರಿಕೊಂಡ ಮೇಲೆ ಅವಳ ಎದೆಯ ಮೇಲೆ ಒಂದು ಬಂಡೆ ಕೂತಿತ್ತು. ಕತ್ತಲಲ್ಲಿ ಎದ್ದು ಗುಡ್ಡ ಹತ್ತಿ ಸಭೆಗೆ ಹೋದರೆ ಮಾತ್ರ ಅದು ಅಲುಗುತ್ತಿತ್ತು. ಅಲ್ಲಿ ಪ್ರಸಂಗ ಮುಗಿದೊಡನೆ ದೀಪ ಆರಿಸುತ್ತಾರೆ, ಸಂಗೀತವನ್ನು ಗೋಡೆ ನಡುಗುವ ಹಾಗೆ ಹಾಕುತ್ತಾರೆ, ಎಲ್ಲರೂ ‘ಕರ್ತನೇ’ ಎಂದು ಮೂರು ಸಲ ಕೂಗಿ, ಒಬ್ಬೊಬ್ಬರೂ ತಮ್ಮ ತಮ್ಮ ಅಹವಾಲನ್ನು ಒಟ್ಟಿಗೇ ಗಂಟಲು ಹರಿಯುವ ಹಾಗೆ ಹೇಳಿಕೊಳ್ಳುತ್ತಾರೆ. ಆ ಗಲಾಟೆಯಲ್ಲಿ ಪಕ್ಕದವರ ಮಾತು ಪಕ್ಕದವರಿಗೆ ಕೇಳುವುದಿಲ್ಲ. ಯೊಂಗ್ಜಾ ಅಲ್ಲಿ ಬೇಡುತ್ತಿರಲಿಲ್ಲ, ಸ್ತುತಿಸುತ್ತಲೂ ಇರಲಿಲ್ಲ. ಚಾಡಿ ಹೇಳುತ್ತಿದ್ದಳು, ಅದೂ ಕಣ್ಣೀರು ಸುರಿಸಿ, ಎದೆ ಗುದ್ದಿಕೊಂಡು. ನೋಡಿದವರು ‘ಆಹಾ, ಏನು ಭಕ್ತಿ!’ ಅನ್ನುತ್ತಿದ್ದರು. ಹೇಳಿ ಮುಗಿಸಿದ ಮೇಲೆ ಹಗುರಾಗಿ ಇಳಿದು ಬಂದು ಅಂಗಡಿಯ ಬಾಗಿಲು ತೆಗೆಯುತ್ತಿದ್ದಳು. ಆ ಅರ್ಧ ಗಂಟೆ ಇಲ್ಲದಿದ್ದರೆ ತಾನು ಗಂಡನ ಹಿಂದೆಯೇ ಹೋಗಿಬಿಡುತ್ತಿದ್ದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಸುಗ್ಗಿಹಬ್ಬ ಚುಸೊಕ್ ಮುಗಿದ ವಾರ ಅದು. ಭಾನುವಾರ ಮೇಂಗ್ ಗ್ವೊನ್ಸಾ ಗುಲಾಬಿ ರೇಷ್ಮೆಬಟ್ಟೆಯಲ್ಲಿ ಕಟ್ಟಿದ ದನದ ಮಾಂಸದ ಪೆಟ್ಟಿಗೆಯನ್ನು ಸಭೆಯ ಅಡುಗೆಮನೆಗೆ ಹೊತ್ತು ತಂದಿದ್ದಳು. ‘ಇಂಚೋನಿಂದ ಮಗ ಕಳಿಸಿದ್ದಾನೆ, ಒಬ್ಬಳೇ ತಿನ್ನೋದಕ್ಕೆ ಮನಸ್ಸು ಬರಲಿಲ್ಲ’ ಎಂದು ಹೇಳಿ ಎಲ್ಲರಿಗೂ ಸಾರು ಮಾಡಿಸಿ ಹಾಕಿದಳು. ಯೊಂಗ್ಜಾ ಆ ಸಾರನ್ನು ಎರಡು ಬಟ್ಟಲು ಕುಡಿದಳು, ಹೊಟ್ಟೆಯೊಳಗೇ ನಕ್ಕಳು.

ಮರುದಿನ ಬೆಳಿಗ್ಗೆ ದೀಪ ಆರಿತು, ಸಂಗೀತ ಎದ್ದಿತು, ಯೊಂಗ್ಜಾ ಕಣ್ಣು ಮುಚ್ಚಿ ಶುರು ಮಾಡಿದಳು. ಸಂಗೀತ ಬರುತ್ತಿದ್ದದ್ದು ಕಿರಿಯ ಪಾಸ್ಟರ ಫೋನಿನಿಂದ. ಚಾರ್ಜರ್ ಬಗ್ಗೆ ಅಷ್ಟೊಂದು ಪ್ರಸಂಗ ಕೇಳಿದ ಆ ಪುಣ್ಯಾತ್ಮ ಅದಕ್ಕೆ ಚಾರ್ಜ್ ಹಾಕುವುದನ್ನೇ ಮರೆತಿದ್ದ. ಫೋನು ಸತ್ತಿತು. ಸಂಗೀತ ನಿಂತರೆ ಪ್ರಾರ್ಥನೆ ಮುಗಿಯಿತೆಂದೇ ಎಲ್ಲರಿಗೂ ರೂಢಿ, ಆದ್ದರಿಂದ ಇಡೀ ಸಭಾಂಗಣ ಒಮ್ಮೆಗೇ ಬಾಯಿ ಮುಚ್ಚಿತು. ಉನ್ಮಾದದಲ್ಲಿದ್ದ ಯೊಂಗ್ಜಾ ಒಬ್ಬಳೇ ನಿಲ್ಲಿಸಲಿಲ್ಲ.

“...ಮಗ ಕಳಿಸಿದ್ನಂತೆ, ಮಗ! ಕರ್ತನೇ, ನಮ್ ಸಂತೆಯ ಕಸಾಯಿ ಅಂಗಡೀಲಿ ಇವಳೇ ನಿಂತು ಕೊಂಡಿದ್ದನ್ನ ನಾನು ಈ ಕಣ್ಣಲ್ಲಿ ನೋಡಿದೀನಿ. ‘ಬಟ್ಟೆ ಚೆನ್ನಾಗಿರೋದು ಕಟ್ಟಪ್ಪಾ, ಉಡುಗೊರೆ ಥರಾ ಕಾಣ್ಬೇಕು’ ಅಂದ್ಲು. ಮೂರು ಹಬ್ಬ ಆಯ್ತು, ಆ ದ್ರೋಹಿ ತಾಯಿ ಮನೆ ಹೊಸ್ತಿಲು ತುಳಿದಿಲ್ಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು! ಈ ಮೇಂಗ್ ಇನ್ಸುನ್ ಜೊತೆ ನೀನು ದಿನಾ ಮಾತಾಡ್ತೀಯಂತಲ್ಲ, ಇದನ್ಯಾಕೆ ಕೇಳಲ್ಲ ನೀನು?”

ತನ್ನ ದನಿ ಗೋಡೆಗೆ ಬಡಿದು ವಾಪಸು ಬಂದಾಗ ಅವಳು ಕಣ್ಣು ತೆರೆದಳು. ಯಾರೋ ದೀಪ ಹಾಕಿದರು. ಎಲ್ಲರೂ ಅವಳ ಕಡೆ ತಿರುಗಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುವ ಹಾಗೆ, ಒಂದು ಕ್ಷಣ ಹಿಂದೆ ತಾವೇನು ಒದರುತ್ತಿದ್ದೆವು ಎಂದು ನೆನೆಸಿಕೊಂಡು ಬೆವರಿದವರೂ ಅಲ್ಲಿ ಕಡಿಮೆಯಿರಲಿಲ್ಲ. ಪಾಸ್ಟರು ದಿಕ್ಕು ತೋಚದೆ ‘ಕರ್ತನ ಹೆಸರಿನಲ್ಲಿ’ ಎಂದುಬಿಟ್ಟರು. ಅಭ್ಯಾಸಬಲದಿಂದ ಅರ್ಧ ಸಭೆ ‘ಆಮೆನ್’ ಎಂದಿತು.

ಮೇಂಗ್ ಗ್ವೊನ್ಸಾ ಎದ್ದಳು. ಕೈಚೀಲ ತೆಗೆದುಕೊಂಡಳು, ವೇದಿಕೆಗೆ ತಲೆಬಾಗಿದಳು, ನೆಟ್ಟಗೆ ನಡೆದು ಹೊರಗೆ ಹೋದಳು.

ಮರುದಿನದಿಂದ ಯೊಂಗ್ಜಾ ಗುಡ್ಡ ಹತ್ತಲಿಲ್ಲ. ಯಾವ ಮುಖ ಇಟ್ಟುಕೊಂಡು ಹತ್ತುವುದು? ಮನೆಯಲ್ಲೇ ರಜಾಯಿ ಹೊದ್ದು ‘ಕರ್ತನೇ’ ಎಂದು ನೋಡಿದಳು. ದನಿ ಗಂಟಲಲ್ಲೇ ಸತ್ತಿತು, ಬಂಡೆ ತನ್ನ ಜಾಗಕ್ಕೆ ಬಂದು ಕೂತಿತು. ಮೂಲಂಗಿಗೆ ಎರಡು ಸಲ ಉಪ್ಪು ಹಾಕಿದಳು, ಎಣ್ಣೆಯನ್ನು ಒಲೆಯ ಮೇಲೇ ಮರೆತಳು. ಸಭೆಯ ಗುಂಪಿನಲ್ಲಂತೂ ಸುಗ್ಗಿಯೋ ಸುಗ್ಗಿ. ‘ನಾಲಿಗೆಯು ಬೆಂಕಿಯಾಗಿದೆ’ ಎಂಬ ವಾಕ್ಯವನ್ನು ಒಬ್ಬರಾದ ಮೇಲೆ ಒಬ್ಬರು ಹೂವಿನ ಚಿತ್ರದ ಮೇಲೆ ಬರೆದು ಹಾಕುತ್ತಿದ್ದರು. ಹೆಸರು ಹಾಕದೆ ಕಲ್ಲು ಹೊಡೆಯುವ ಕಲೆಯಲ್ಲಿ ಅವರನ್ನು ಮೀರಿಸಿದವರಿಲ್ಲ. ಮೇಂಗಳ ಧ್ಯಾನ ಮಾತ್ರ ಬರುತ್ತಿರಲಿಲ್ಲ.

“ಏನೇ, ಮುಖ ಹಳಸಿದ ಮೀನಿನ ಥರಾ ಮಾಡ್ಕೊಂಡಿದೀಯ?” ಎಂದಳು ಪಕ್ಕದ ಮೀನಂಗಡಿಯ ಪಿಲ್ನ್ಯೊ. ಅವಳಿಗೆ ದೇವರೂ ಇಲ್ಲ, ದಿಂಡರೂ ಇಲ್ಲ. “ಮನೇಲೇ ಕೂತು ಪ್ರಾರ್ಥನೆ ಮಾಡು. ನಿಮ್ ದೇವ್ರು ಆ ಕಟ್ಟಡ ಬಿಟ್ಟು ಹೊರಗೆ ಬರಲ್ವಾ? ಬಾಡಿಗೆಗಿದಾನಾ ಅಲ್ಲಿ?”

“ಬರ್ತಾನೆ. ನನಗೇ ಮಾತು ಬರ್ತಿಲ್ಲ.”

“ನಿನಗೆ? ಮಾತು? ಅಯ್ಯೋ, ಲೋಕ ಮುಳುಗೋ ಕಾಲ ಬಂತು!”

ಆ ಶುಕ್ರವಾರ ಮೇಂಗ್ ಗ್ವೊನ್ಸಾ ಅಂಗಡಿಯ ಮುಂದೆ ಬಂದು ನಿಂತಳು. ಕೂದಲಿಗೆ ಬಣ್ಣ ಹಚ್ಚಿರಲಿಲ್ಲ, ಬೈತಲೆಯ ಉದ್ದಕ್ಕೂ ಬಿಳಿ ಕಾಣುತ್ತಿತ್ತು.

“ಹುರಿದ ಸಣ್ಣ ಮೀನು ಕೊಡು.”

ಯೊಂಗ್ಜಾ ಡಬ್ಬಿ ತುಂಬಿ, ಅದರ ಮೇಲೆ ಇನ್ನೊಂದು ಹಿಡಿ ಹಾಕಿದಳು.

“ತೆಗಿ ಅದನ್ನ. ನಾಲಿಗೆ ಮಾಡಿದ್ ತಪ್ಪಿಗೆ ಮೀನಲ್ಲಿ ದಂಡ ಕಟ್ತೀಯಾ?”

“ತಪ್ಪಾಯ್ತು ಗ್ವೊನ್ಸಾ ಅವ್ರೇ. ನನ್ ಬಾಯಿಗೆ ಬೆಂಕಿ ಹಾಕ.”

“ಯಾವಾಗಿಂದ ನಡೀತಿದೆ ಇದು?”

“ನಮ್ ಯಜಮಾನ್ರು ಹೋದಾಗಿಂದ.”

“ದಿನಾ?”

“ಭಾನುವಾರ ಒಂದು ಬಿಟ್ಟು.”

ಮೇಂಗಳ ಮುಖ ಒಂದು ಥರ ಆಯಿತು. ಅಳುತ್ತಾಳೆ ಎಂದು ಯೊಂಗ್ಜಾ ಅಂದುಕೊಂಡರೆ, ಅವಳು ನಕ್ಕಳು. ಒಣ ನಗು.

“ನೀನು ಹೇಳಿದ್ದೆಲ್ಲ ನಿಜ. ಮಗ ಫೋನೂ ಎತ್ತಲ್ಲ. ಪಾಸ್ಟರು ಪ್ರಾರ್ಥನೆ ಮಾಡಿದ್ರೂ ‘ವೃದ್ಧರಾದ ತಾಯಂದಿರು’ ಅಂತ ನಮ್ಮನ್ನೆಲ್ಲ ಸೊಪ್ಪಿನ ಕಟ್ಟಿನ ಹಾಗೆ ಕಟ್ಟಿ ಎಸೀತಾರೆ. ನನ್ ಹೆಸರು ಹಿಡಿದು ದಿನಾ ದೇವರ ಮುಂದೆ ನಿಂತೋಳು ಈ ಲೋಕದಲ್ಲಿ ನೀನೊಬ್ಳೇ ಅಂತಾಯ್ತು, ತಾಕ್ ಚಿಪ್ಸಾ.”

“ಅದು ಪ್ರಾರ್ಥನೆ ಅಲ್ಲ ಗ್ವೊನ್ಸಾ ಅವ್ರೇ, ಚಾಡಿ.”

“ಚಾಡಿ ಅಂತ ನನಗೂ ಕೇಳಿಸ್ತು, ಕಿವಿ ಇದೆ. ಆದ್ರೆ ನೀನು ನನ್ನ ಬೈದ್ರೂ ದೇವರ ಹತ್ರ ಬೈದೆ. ನಾನು ಅವನ್ನ ಹೊಗಳಿದ್ರೂ ನಿಮ್ ಹತ್ರ ಹೊಗಳ್ದೆ. ಎಷ್ಟೋ ವರ್ಷ ಆಯ್ತು ಅವನ ಹತ್ರ ನಾನು ಏನಾದ್ರೂ ಹೇಳಿ.” ಅವಳು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು. “ನಾಳೆ ಬಾ. ನೀನು ಬರ್ದೇ ಇದ್ರೆ ನನ್ ವಿಷಯ ಅಲ್ಲಿ ಎತ್ತೋರೇ ಇಲ್ಲ.”

ಮರುದಿನ ಬೆಳಿಗ್ಗೆ ಯೊಂಗ್ಜಾ ಹೋದಳು. ಮೇಂಗ್ ಗ್ವೊನ್ಸಾ ತನ್ನ ಮುಂದಿನ ಸಾಲು ಬಿಟ್ಟು ಬಂದು ಅವಳ ಪಕ್ಕದಲ್ಲೇ ಕೂತಳು. ನಾಲ್ಕಾರು ಕತ್ತುಗಳು ಹಿಂದಕ್ಕೆ ತಿರುಗಿದವು. ಸಭೆಯವರು ಅಷ್ಟರಲ್ಲಿ ತುರ್ತಾಗಿ ಹೊಸ ಯಂತ್ರ ತಂದು ಕೂರಿಸಿದ್ದರು. ಅದು ಫೋನಿನ ಹಂಗಿಲ್ಲದೆ, ಮೊದಲಿಗಿಂತ ಇಮ್ಮಡಿ ಜೋರಾಗಿ ಹಾಡುತ್ತಿತ್ತು. ಮಳೆಗೆ ಸೋರುವ ಛಾವಣಿಗೆ ಮೂರು ವರ್ಷದಿಂದ ಹುಟ್ಟದ ಹಣ ಇದಕ್ಕೆ ಒಂದೇ ವಾರದಲ್ಲಿ ಹುಟ್ಟಿತ್ತು. ಎಲ್ಲರಿಗೂ ತಂತಮ್ಮ ಬಾಯಿಯ ಭಯ.

ದೀಪ ಆರಿತು. ‘ಕರ್ತನೇ! ಕರ್ತನೇ! ಕರ್ತನೇ!’ ಸುತ್ತಲೂ ಗುಡುಗು ಎದ್ದಿತು. ಯೊಂಗ್ಜಾ ಬಾಯಿ ತೆರೆದಳು. ಏನೂ ಬರಲಿಲ್ಲ. ಮೇಂಗಳ ಬಟ್ಟೆ, ಮೇಂಗಳ ಧ್ಯಾನ, ಮೇಂಗಳ ಸುಳ್ಳು, ಎಲ್ಲ ತೆಗೆದಿಟ್ಟ ಮೇಲೆ ದೇವರಿಗೆ ಹೇಳಲು ತನ್ನ ಹತ್ತಿರ ಏನೂ ಇಲ್ಲವೆಂದು ತಿಳಿದು ಅವಳಿಗೆ ಭಯವಾಯಿತು. ಇಷ್ಟು ದಿನ ತಾನು ಸಂಪರ್ಕದಲ್ಲಿದ್ದದ್ದು ಯಾರ ಜೊತೆ?

ಕೊನೆಗೆ ಗೊತ್ತಿದ್ದ ಒಂದೇ ದಾರಿ ಹಿಡಿದಳು. “ಕರ್ತನೇ, ಈ ಮೇಂಗ್ ಇನ್ಸುನ್ ಇದಾಳಲ್ಲ, ಇವಳ ಮಗ...” ಎಂದಳು. ಅಲ್ಲಿಗೆ ನಿಂತಳು. ಮಗ ಯಾರು? ಪ್ರತಿದಿನ ಆ ಮನುಷ್ಯನನ್ನು ಕರ್ತನ ಮುಂದೆ ಕಿವಿ ಹಿಡಿದು ಎಳೆತಂದಿದ್ದಳು, ದ್ರೋಹಿ ಎಂದಿದ್ದಳು, ಕೃತಘ್ನ ಎಂದಿದ್ದಳು. ಹೆಸರು ಕೇಳಬೇಕೆಂದು ಒಂದು ದಿನವೂ ತೋಚಿರಲಿಲ್ಲ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಅವಳು ಮೇಂಗಳ ಭುಜ ಹಿಡಿದು ಅಲುಗಿಸಿದಳು.

“ಮಗನ ಹೆಸರೇನು?”

“ಆಂ?”

“ಹೆಸರು! ನಿಮ್ ಮಗನ ಹೆಸರು!”

ಮೇಂಗ್ ಇನ್ಸುನ್ ಅವಳನ್ನೇ ನೋಡಿದಳು. ಆಮೇಲೆ ಆ ಗದ್ದಲದ ನಡುವೆ ಯೊಂಗ್ಜಾಳ ಕಿವಿಗೆ ಬಾಯಿಟ್ಟು, ದೂರ ಹೊರಟವನನ್ನು ಕೂಗಿ ಕರೆಯುವ ಹಾಗೆ ಕೂಗಿದಳು.

“ಸೊಕ್‌ಹೋ! ಪ್ಯೊ ಸೊಕ್‌ಹೋ!”

ಯೊಂಗ್ಜಾ ಮುಂದಕ್ಕೆ ತಿರುಗಿ, ಕಣ್ಣು ಮುಚ್ಚಿ, ಆ ಹೆಸರಿನಿಂದ ಶುರು ಮಾಡಿದಳು.