ಸೋಮವಾರ ಕೋನಪ್ಪ ಎಲ್ಲಿಗೆ ಹೋಗುತ್ತಾನೆ?

ಮಂಡಿಕಲ್ ಸಮೀಪದ ಒಂದು ಹಳ್ಳಿ. ಲಕ್ಷ್ಮಿದೇವಮ್ಮನ ಹುಳುಮನೆಯಲ್ಲಿ ರೇಷ್ಮೆಹುಳುಗಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಕಳೆದು ಎದ್ದಿದ್ದವು. ದೇವರ ಸೃಷ್ಟಿಯಲ್ಲಿ ಅಷ್ಟು ಹಸಿವಿನ ಜೀವ ಇನ್ನೊಂದಿರಲಾರದು; ಒಂದು ಹೊತ್ತು ಹಿಪ್ಪುನೇರಳೆ ಸೊಪ್ಪು ತಪ್ಪಿದರೂ ಬೆಳೆ ಕೆಡುತ್ತದೆ. ಸೊಪ್ಪು ಕೊಯ್ಯುವ ಆಳು ಕೋನಪ್ಪ. ಹೊಡೆದಾಟದ ಕೇಸಿನಲ್ಲಿ ಜೈಲು ಸೇರಿ, ಒಳ್ಳೆಯ ನಡತೆಯಿಂದ ಅವಧಿಗೆ ಮೊದಲೇ ಹೊರಬಂದವನು.

ಪ್ರತಿ ಸೋಮವಾರ ಮೊದಲ ಬಸ್ಸಿಗೆ ಹೋದರೆ ಮಧ್ಯಾಹ್ನವೇ ಅವನು ಬರುತ್ತಿದ್ದುದು. ಕೇಳಿದರೆ, "ಕೆಲಸ ಇತ್ತಮ್ಮ" ಎಂದಷ್ಟೇ.

"ಏನ್ರೀ ಅಂಥ ಕೆಲಸ? ಹಳೇ ಸ್ನೇಹಿತರ ಜೊತೆ ಏನೋ ಸಂಚು ಹೂಡ್ತಿದಾನೆ," ಎಂದು ಲಕ್ಷ್ಮಿದೇವಮ್ಮ ಗಂಡ ವೆಂಕಟರವಣಪ್ಪನ ಕಿವಿ ಕಚ್ಚಿದಳು. ಶನಿವಾರ ಕೋನಪ್ಪನಿಗೂ ಹೇಳಿಬಿಟ್ಟಳು: "ನಾಡಿದ್ದು ಹೋದ್ರೆ ಮತ್ತೆ ಈ ಕಡೆ ಬರ್ಬೇಡಪ್ಪ."

ಅವನ ಮುಖ ಬಿಳಿಚಿತು. "ಹೋಗಲ್ಲಮ್ಮ" ಎಂದ. ಆ ಭಯವನ್ನೂ ಆಕೆ ಕಳ್ಳನ ಅಳುಕೆಂದೇ ತಿಳಿದಳು.

ಅದೇ ಹೊತ್ತಿಗೆ ಸ್ಕೂಟರಿನಲ್ಲಿ ಪರಿವೀಕ್ಷಣಾಧಿಕಾರಿ ಶಿರೀಷಾ ಬಂದರು. "ಕೋನಪ್ಪ ಹೇಗಿದಾರಮ್ಮ?"

ಲಕ್ಷ್ಮಿದೇವಮ್ಮ ಗಂಡನತ್ತ ತಿರುಗಿದಳು. "ನೋಡಿದ್ರಾ? ಏನೋ ಮಾಡಿದಾನೆ, ಹಿಡಿಯೋಕೆ ಬಂದ್ರು!"

"ಹಿಡಿಯೋಕಲ್ಲಮ್ಮ. ಬಿಡುಗಡೆ ಆದವ್ರು ನೆಟ್ಟಗೆ ಬದುಕ್ತಿದಾರಾ ಅಂತ ವಿಚಾರಿಸೋದೇ ನನ್ನ ಕೆಲಸ."

"ಹಂಗಾದ್ರೆ ಸೋಮವಾರ ಎಲ್ಲಿಗೆ ಹೋಗ್ತಾನೆ, ವಿಚಾರಿಸಿ!"

ಶಿರೀಷಾ ಕೋನಪ್ಪನತ್ತ ನೋಡಿದರು. "ಹೇಳ್ಲಾ?" ಅವನು ಹೂಂ ಎಂದು ತಲೆಯಾಡಿಸಿದ.

"ಠಾಣೆಗಮ್ಮ. ವಾರಕ್ಕೊಂದು ಸಹಿ ಹಾಕ್ಬೇಕು, ಬಿಡುಗಡೆಯ ಷರತ್ತು. ತಪ್ಪಿಸಿದ್ರೆ ಮತ್ತೆ ಜೈಲಿಗೆ ಹೋಗ್ಬೇಕಾಗಬಹುದು."

"ಅಯ್ಯೋ, ನಂಗೆ ಮೊದ್ಲೇ ಹೇಳ್ಬಾರದಿತ್ತೇನೋ?" ಲಕ್ಷ್ಮಿದೇವಮ್ಮ ಕೋನಪ್ಪನನ್ನು ಕೇಳಿದಳು.

"ಠಾಣೆ ಅಂದ್ರೆ ಕೆಲಸ ಬಿಡಿಸ್ತೀರಿ ಅಂತ..." ಎಂದ ಅವನು.

"ಬಿಡಿಸ್ತಿದ್ದೆ ಕಣೇ ನೀನು!" ವೆಂಕಟರವಣಪ್ಪ ನಕ್ಕ.

ಆಕೆಗೆ ನಗು ಬರಲಿಲ್ಲ. "ಆದ್ರೂ ಮೇಡಂ, ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ನನಗೆ ಫೋನ್ ಮಾಡಿ. ಕಂಡಿದ್ದು ಹೇಳಿ, ಊಹೆ ಬೇಡ. ಕೆಲಸಾನೂ ಹೋದ್ರೆ ಅವ್ರು ಹಳೇ ದಾರಿ ಬಿಟ್ಟು ಇನ್ನೆಲ್ಲಿಗೆ ಹೋಗ್ಬೇಕು?"

ತನ್ನ ಒಂದು ಮಾತು ಒಬ್ಬ ಮನುಷ್ಯನನ್ನು ಮತ್ತೆ ಕಂಬಿಯ ಹಿಂದಕ್ಕೆ ನೂಕುತ್ತಿತ್ತಲ್ಲ! "ಶಿವನೇ" ಎಂದು ಲಕ್ಷ್ಮಿದೇವಮ್ಮ ಜಗಲಿಯ ಮೇಲೆ ಕುಳಿತಳು.

ಸೋಮವಾರ ಬೆಳಕು ಹರಿಯುವಾಗಲೇ ಗಂಡಹೆಂಡಿರು ಕುಡುಗೋಲು ಹಿಡಿದು ತೋಟಕ್ಕಿಳಿದರು. ಕೋನಪ್ಪ ಅನುಮಾನಿಸುತ್ತಾ ಬದುವಿನ ಮೇಲೆ ನಿಂತಿದ್ದ.

ಲಕ್ಷ್ಮಿದೇವಮ್ಮ ಕೂಗಿದಳು: "ಏನೋ ನೋಡ್ತಾ ನಿಂತೆ? ಬಸ್ ಬರ್ತದೆ, ಓಡು! ಮಧ್ಯಾಹ್ನದ ಸೊಪ್ಪು ಮಾತ್ರ ನಿಂದೇ."

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಊರಿಗೂ ಹೀಗೆ ಯಾರೋ ಜೈಲಿನಿಂದ ಮರಳಿರಬಹುದು. ಅಧಿಕಾರಿ ವಿಚಾರಿಸಲು ಬಂದರೆ ಹೊಸ ತಪ್ಪು ನಡೆದಿದೆ ಎಂದುಕೊಳ್ಳಬೇಡಿ. ಕಂಡದ್ದನ್ನು ಕಂಡಂತೆ ಹೇಳಿ. ಕೆಲಸ ಕೊಟ್ಟಿದ್ದರೆ, ಸಹಿಯ ದಿನ ಅವರನ್ನು ತಡೆಯಬೇಡಿ.