ಅಕ್ಕನ ಲಾಕರಿನಲ್ಲಿ ಪತ್ರ ಇರಲಿಲ್ಲ

೧

ಎಲ್ಲಿಂದ ಶುರು ಮಾಡಲಿ? ಮೊದಲ ಸಲ ವಿಜ್ಞಾನ ವಸ್ತುಸಂಗ್ರಹಾಲಯದ ಮೆಟ್ಟಿಲಿನಿಂದ ಶುರು ಮಾಡಿದ್ದೆ. 'ಎಂ.ಎ. ಎರಡನೇ ವರ್ಷದಲ್ಲಿ ಸಾಹಿತ್ಯ ಓದುತ್ತಿದ್ದ ಹುಡುಗಿಯೊಬ್ಬಳು ಒಂದು ಮಂಗಳವಾರ ಬೆಳಿಗ್ಗೆ...' ಎಂದು ನಾಲ್ಕು ಸಾಲು ಬರೆದು ಹರಿದೆ. ಓದುಗರೇ, ಅದು ಶಾಲಾ ಪ್ರವಾಸದ ಪ್ರಬಂಧದ ಹಾಗಿತ್ತು. ಎರಡನೇ ಸಲ ಡೈನೋಸಾರಿನ ಎಲುಬುಗೂಡಿನಿಂದ ಹೊರಟೆ. ಕಥೆಗಾರನ ಕೈಗೆ ಎಲುಬುಗೂಡು ಸಿಕ್ಕರೆ ಬಿಡುತ್ತಾನೆಯೇ? ಸಾವು, ಕಾಲ, ಮರೆವು ಎಂದು ಒಂದು ಪುಟ ಎಳೆದೆ. ಅದೂ ಬುಟ್ಟಿಗೆ ಹೋಯಿತು. (ಬುಟ್ಟಿ ತುಂಬಿದೆ. ಕಥೆ ಇನ್ನೂ ಹೊಸ್ತಿಲು ದಾಟಿಲ್ಲ.)

ನೇರವಾಗಿ ಹೇಳಿಬಿಡುತ್ತೇನೆ. ಆ ಹುಡುಗಿ ಅಲ್ಲಿಗೆ ಏನನ್ನೂ ನೋಡಲು ಹೋದವಳಲ್ಲ. ತೀರಿಕೊಂಡ ಅಕ್ಕನ ಲಾಕರ್ ಖಾಲಿ ಮಾಡಲು ಹೋದವಳು.

೨

ಅಕ್ಕ ಅಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದಳು. ಎರಡನೇ ಮಹಡಿಯಲ್ಲಿ ಆಳೆತ್ತರದ ಕಂಬದ ಮೇಲೆ ಒಂದು ಲೋಹದ ಗೋಳವಿದೆ. ಮಕ್ಕಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಅದರ ಮೇಲೆ ಕೈ ಇಡಿಸಿ ಸ್ವಿಚ್ ಹಾಕಿದರೆ ತಲೆಗೂದಲೆಲ್ಲ ನಿಮಿರಿ ನಿಲ್ಲುತ್ತದೆ. ದಿನಕ್ಕೆ ಆರು ಸಲ ಆ ಪ್ರದರ್ಶನ ನಡೆಸುವುದು ಅಕ್ಕನ ಕೆಲಸ. ದೊಡ್ಡವರು 'ಅಯ್ಯೋ, ನಮಗ್ಯಾಕೆ' ಅನ್ನುತ್ತಲೇ ಸಾಲಿನಲ್ಲಿ ನಿಲ್ಲುತ್ತಿದ್ದರಂತೆ. ಮನೆಗೆ ಬಂದು ಅವರನ್ನೆಲ್ಲ ಅಣಕಿಸಿ ತೋರಿಸಿ ತಂಗಿಯನ್ನು ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತಿದ್ದಳು.

ಕಳೆದ ವರ್ಷ ಅಕ್ಕನಿಗೆ ಕ್ಯಾನ್ಸರ್ ಎಂದು ತಿಳಿಯಿತು. ಮನೆಯಲ್ಲಿ ತಂಗಿಯೊಬ್ಬಳಿಗೇ ಹೇಳಿದಳು.

"ಅಮ್ಮಂಗೆ ಈಗಲೇ ಬೇಡ ಕಣೇ. ಅಪ್ಪ ಹೋಗಿ ಇನ್ನೂ ವರ್ಷ ಆಗಿಲ್ಲ. ಸ್ವಲ್ಪ ಸುಧಾರಿಸ್ಕೊಳ್ಳಲಿ, ನಾನೇ ಹೇಳ್ತೀನಿ."

ಚಿಕಿತ್ಸೆಗೆ ಕೂದಲು ಉದುರತೊಡಗಿತು. ಅಮ್ಮನಿಗೆ ಏನೋ ಪೌಷ್ಟಿಕಾಂಶದ ಕೊರತೆ ಎಂದು ನಂಬಿಸಿ, ತಲೆಗೆ ಸ್ಕಾರ್ಫ್ ಸುತ್ತಿಕೊಂಡು ಅಕ್ಕ ಕೆಲಸಕ್ಕೆ ಹೋದಳು. ಬೇರೆಯವರ ಕೂದಲು ನಿಮಿರಿಸುತ್ತಲೇ ಇದ್ದಳು.

೩

ಇಲ್ಲೇ ಆದದ್ದು ಅನಾಹುತ. ತನ್ನ ಕೂದಲು ಕಳೆದುಕೊಳ್ಳುತ್ತಿರುವವಳು ಊರಿನವರ ಕೂದಲು ನಿಮಿರಿಸುತ್ತಾಳೆ! ಸಾಹಿತ್ಯದ ವಿದ್ಯಾರ್ಥಿನಿಗೆ ಇದಕ್ಕಿಂತ ಏನು ಬೇಕು? ತಂಗಿ ಒಂದೇ ಪಟ್ಟಿಗೆ ಕೂತು ಕಥೆ ಬರೆದಳು. ಹೆಸರು ಬದಲಿಸಿದಳು, ಊರು ಬದಲಿಸಿದಳು. ಗೋಳವನ್ನು ಮಾತ್ರ ಬದಲಿಸಲು ಮನಸ್ಸು ಬರಲಿಲ್ಲ. ಅಷ್ಟು ಚೆನ್ನಾಗಿತ್ತು ಅದು. ಕಾಲೇಜು ಮ್ಯಾಗಜೀನಿನಲ್ಲಿ ಕಥೆ ಅಚ್ಚಾಯಿತು, ಬಹುಮಾನವೂ ಬಂತು. ಪಕ್ಕದ ಮನೆಯಾಕೆ ಆ ಮ್ಯಾಗಜೀನ್ ಹಿಡಿದು ಅಮ್ಮನ ಹತ್ತಿರ ಬಂದು, "ಇದು ನಿಮ್ಮ ದೊಡ್ಡ ಮಗಳ ಕಥೆ ಅಲ್ವಾ?" ಎಂದು ಕೇಳಿದಳು.

ಹೆತ್ತ ಮಗಳು ಸಾಯುತ್ತಿದ್ದಾಳೆಂದು ಅಮ್ಮನಿಗೆ ಗೊತ್ತಾದದ್ದು ಹೀಗೆ.

ಮುಖ ತೋರಿಸಲಾಗದೆ ತಂಗಿ ಹಾಸ್ಟೆಲ್ ಸೇರಿದಳು. ಅಕ್ಕನ ಫೋನ್ ಬಂದರೆ ಎತ್ತಲಿಲ್ಲ. ಒಂದು ವಾರ, ಆಮೇಲೆ ಒಂದು ತಿಂಗಳು. ಫೋನ್ ಬರುವುದೂ ನಿಂತಿತು. ಐದನೇ ತಿಂಗಳು, ಅಕ್ಕ ತೀರಿಕೊಂಡ ದಿನ, ಅಮ್ಮನ ಫೋನ್ ಬಂತು. ಅದನ್ನು ಎತ್ತಿದಳು.

೪

ಈ ಭಾಗದಲ್ಲಿ ಆಸ್ಪತ್ರೆ ಇತ್ತು. ತೆಗೆದುಹಾಕಿದ್ದೇನೆ. ಆ ತಂಗಿಯೇ ನನ್ನ ಮೇಜಿನ ಹತ್ತಿರ ಬಂದು ಜಗಳ ಮಾಡಿದಳು.

"ನಾನು ಅಕ್ಕಂಗೆ ಮಾಡಿದ್ದನ್ನೇ ನೀವು ನಂಗೆ ಮಾಡ್ತಿದ್ದೀರಲ್ಲ ಸಾರ್?"

"ನೀನು ಕಲ್ಪಿತ ಪಾತ್ರ ಕಣಮ್ಮ," ಎಂದೆ.

"ಅಕ್ಕನ ಬಗ್ಗೆ ನಾನೂ ಹಾಗೇ ಅಂದ್ಕೊಂಡಿದ್ದೆ," ಎಂದಳು.

ಆ ಪುಟವನ್ನೂ ಬುಟ್ಟಿಗೆ ಹಾಕಿದೆ. (ಆಸ್ಪತ್ರೆಯ ಪುಟ ಚೆನ್ನಾಗಿ ಬಂದಿತ್ತು ಎಂದು ಈಗಲೂ ಹೊಟ್ಟೆ ಉರಿಯುತ್ತದೆ. ಕಥೆಗಾರರ ಜಾತಿಯೇ ಇಷ್ಟು.)

೫

ಲಾಕರಿನ ಬೀಗದ ಕೈ ಇದ್ದದ್ದು ಅಲ್ಲಿನ ಮೆಕ್ಯಾನಿಕ್ ಹತ್ತಿರ. ನಿವೃತ್ತಿಗೆ ಹತ್ತಿರವಾದ ಮನುಷ್ಯ, ಎದೆ ಜೇಬಿನಲ್ಲಿ ಸದಾ ಒಂದು ಸ್ಪ್ಯಾನರ್. ಅಕ್ಕ ಅವರನ್ನು ಸ್ಪ್ಯಾನರ್ ಮಾಮ ಎಂದೇ ಕರೆಯುತ್ತಿದ್ದಳು.

"ಬಾಮ್ಮ. ಹೊಸಬಳು ನಾಡಿದ್ದು ಕೆಲಸಕ್ಕೆ ಸೇರ್ತಾಳೆ. ಅದಕ್ಕೇ ಆಫೀಸಿನವರು ನಿಮಗೆ ಫೋನ್ ಮಾಡಿದ್ದು. ಇಲ್ಲದಿದ್ರೆ ನಾನು ಇದನ್ನ ಮುಟ್ಟೋಕೆ ಬಿಡ್ತಿರಲಿಲ್ಲ."

ಲಾಕರ್ ತೆರೆದರು. ಇಸ್ತ್ರಿ ಮಾಡಿದ ಬಿಳಿ ಕೋಟು. ಎರಡು ಸ್ಕಾರ್ಫ್. ಗಂಟಲು ಕಟ್ಟಿದಾಗ ಚಪ್ಪರಿಸುವ ಮಾತ್ರೆಗಳ ಡಬ್ಬಿ. ಒಂದು ಬಾಚಣಿಗೆ.

ಓದುಗರೇ, ಇಲ್ಲೊಂದು ಪತ್ರ ಇಡಬಹುದಿತ್ತು. ಕೋಟಿನ ಜೇಬಿನಲ್ಲಿ ನಾಲ್ಕು ಮಡಿಕೆಯ ಕಾಗದ, 'ಪುಟ್ಟೀ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ.' ನೀವು ಅಳುತ್ತಿದ್ದಿರಿ, ನಾನು ಗೆಲ್ಲುತ್ತಿದ್ದೆ. ಬರೆದೂ ನೋಡಿದೆ. ಅವಳು ಜೇಬುಗಳನ್ನೆಲ್ಲ ತಡಕಿ, ಒಳಗಿನ ಬಟ್ಟೆ ಹೊರಗೆಳೆದು ತೋರಿಸಿದಳು. ಏನೂ ಇರಲಿಲ್ಲ. ಆ ಕೊನೆಯನ್ನು ಕೈಬಿಟ್ಟೆ.

೬

ಅವಳು ಬಾಚಣಿಗೆ ಹಿಡಿದು ನಿಂತೇ ಇದ್ದಳು. ಆಮೇಲೆ ಕೇಳಿದಳು:

"ನಾನು ಬರೆದದ್ದು ಅಕ್ಕ ಓದಿದ್ಲಾ ಮಾಮ?"

"ಓದಿದ್ಲು. ಇಲ್ಲೇ, ಈ ಬೆಂಚಿನ ಮೇಲೆ. ನಂಗೂ ಓದಿ ಹೇಳಿದ್ಲು."

"ಏನಂದ್ಲು?"

"ಚೆನ್ನಾಗಿದೆ ಅಂದ್ಲು. ಏನೂ ಬೇಜಾರಿಲ್ಲ, ಚಿಕ್ಕವಳು, ಹೋಗ್ಲಿ ಬಿಡಿ ಅಂದ್ಲು."

ಮಾಮನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಹೇಳುವಾಗ ಜೇಬಿನ ಸ್ಪ್ಯಾನರ್ ತೆಗೆದು ಒರೆಸತೊಡಗಿದರು.

"ನಿಜ ಹೇಳಿ ಮಾಮ. ನಾನು ಇದಕ್ಕೋಸ್ಕರಾನೇ ಬಂದಿದ್ದು."

ಅವರು ಬೆಂಚಿನ ಮೇಲೆ ಕುಳಿತರು. ಒರೆಸುತ್ತಿದ್ದ ಸ್ಪ್ಯಾನರನ್ನು ಮತ್ತೆ ಜೇಬಿಗಿಟ್ಟರು.

"ಸಿಟ್ಟಿತ್ತಮ್ಮ. ಅಮ್ಮಂಗೆ ಹಾಗೆ ಗೊತ್ತಾಯ್ತಲ್ಲ ಅಂತ ಮೊದಲು ಕುದ್ದು ಹೋದ್ಲು. ಆಮೇಲೆ ಅದು ಇಳೀತು. 'ಕನ್ನಡಿ ಮುಂದೆ ನಿಂತು ನಾನು ಅತ್ತೆ ಅಂತ ಬರೆದಿದ್ದಾಳೆ ಮಾಮ, ನಾನೆಲ್ಲಿ ಅತ್ತೆ, ಅತ್ತಿದ್ದು ಅವಳು' ಅಂತ ನಕ್ಕಿದ್ದೂ ಉಂಟು."

"ಮತ್ತೆ?"

"ಇನ್ನೊಂದು ಸಿಟ್ಟು ಮಾತ್ರ ಇಳೀಲಿಲ್ಲ. ಫೋನ್ ಮಾಡಿ ಮಾಡಿ ಕೆಳಗಿಡ್ತಿದ್ಲು. ಒಂದಿನ ಹೇಳಿದ್ಲು: 'ಕಥೆ ಒಳಗೆ ನನ್ನ ಹತ್ರ ಎಷ್ಟೊಂದು ಮಾತಾಡಿದ್ದಾಳೆ ಮಾಮ. ಫೋನಲ್ಲಿ ಒಂದು ಹಲೋ ಅನ್ನೋಕಾಗಲ್ವಾ ಅವಳಿಗೆ?'"

ಅವಳು ಅಳಲಿಲ್ಲ. ಅಕ್ಕನ ಕೋಟನ್ನು ಮಡಚಿದಳು. ತೋಳು ಸರಿಯಾಗಿ ಕೂರಲಿಲ್ಲ. ಬಿಡಿಸಿ ಮತ್ತೆ ಮಡಚಿದಳು. ನಾಲ್ಕನೇ ಸಲಕ್ಕೆ ಮಾಮ ಮೆಲ್ಲಗೆ ಅದನ್ನು ಅವಳ ಕೈಯಿಂದ ತೆಗೆದುಕೊಂಡು ತಾವೇ ಚೀಲಕ್ಕೆ ಹಾಕಿದರು.

೭

(ಇನ್ನೊಂದು ಕೊನೆ: ಅವಳು ಮನೆಗೆ ಹೋಗಿ ಅಮ್ಮನ ಕಾಲು ಹಿಡಿದು ಅಳುತ್ತಾಳೆ, ಅಮ್ಮ ತಲೆ ಸವರುತ್ತಾಳೆ. ಬರೆದು ಅವಳಿಗೆ ತೋರಿಸಿದೆ. "ಅಮ್ಮ ಏನು ಮಾಡ್ತಾಳೆ ಅಂತ ನಿಮಗೆ ಹೇಗೆ ಗೊತ್ತು?" ಎಂದಳು. ಗೊತ್ತಿಲ್ಲ. ಆ ಕಾಗದವೂ ಹೋಯಿತು.)

೮

ಹೊರಡುವ ಮುಂಚೆ ಮಾಮ ಕೇಳಿದರು:

"ಒಂದು ಉಪಕಾರ ಮಾಡ್ತೀಯಾ? ಜನ ಬರೋ ಮೊದಲು ಒಂದು ಟೆಸ್ಟ್ ಮಾಡ್ಬೇಕು, ಇಬ್ರು ಬೇಕು. ನಿಮ್ಮಕ್ಕ ಇದ್ದಾಗ ಅವಳೇ ನಿಲ್ತಿದ್ಲು."

ಕೆಳಗಿನ ಉದ್ದನೆಯ ಹಾಲಿನ ಎರಡು ತುದಿಗಳಲ್ಲಿ ಎದುರುಬದುರಾಗಿ ಬೋಗುಣಿಯಂತೆ ತಗ್ಗಾದ ಎರಡು ದೊಡ್ಡ ತಟ್ಟೆಗಳು, ಒಂದೊಂದೂ ಆಳೆತ್ತರ, ಮುಂದೆ ನಿಲ್ಲಲು ಒಂದೊಂದು ಮೆಟ್ಟಿಲು. ಒಂದರ ಮುಂದೆ ಪಿಸುಗುಟ್ಟಿದರೆ ಇನ್ನೊಂದರ ಮುಂದೆ ನಿಂತವರಿಗೆ ಕಿವಿಯಲ್ಲೇ ಹೇಳಿದಂತೆ ಕೇಳಿಸುತ್ತದೆ. ನಡುವೆ ನಿಂತವರಿಗೆ ಏನೂ ಕೇಳಿಸುವುದಿಲ್ಲ.

ಅವಳು ಒಂದು ತುದಿಗೆ ಹೋದಳು, ಮಾಮ ಇನ್ನೊಂದಕ್ಕೆ.

"ಕೇಳಿಸ್ತಾ ಇದೆಯಾ ಮಗಳೇ?" ಎಂದು ಅವರು ಪಿಸುಗುಟ್ಟಿರಬೇಕು. ಅವಳು ಹೌದೆಂದು ತಲೆಯಾಡಿಸಿದಳು.

"ಈಗ ನೀನು ಮಾತಾಡು," ಎಂದು ಕೈಸನ್ನೆ ಮಾಡಿದರು. "ಏನಾದ್ರೂ ಪರವಾಗಿಲ್ಲ," ಎಂದು ಬಾಯಿಬಿಟ್ಟೂ ಕೂಗಿದರು.

ಅವಳು ತಟ್ಟೆಗೆ ಮುಖ ಕೊಟ್ಟು ನಿಂತಳು. ಆಮೇಲೆ ತುಟಿ ಅಲುಗಿತು. ಮೊದಲ ಶಬ್ದ ಕೇಳಿದ್ದೇ ತಡ, ಮಾಮ ಮೆಟ್ಟಿಲು ಬಿಟ್ಟು ಇಳಿದರು. ಅದು ತಮಗೆ ಹೇಳಿದ ಮಾತಲ್ಲವೆಂದು ಅವರಿಗೆ ಗೊತ್ತಾಗಿತ್ತು. ಗೋಡೆಯ ಕಡೆ ತಿರುಗಿ ನಿಂತು ಕನ್ನಡಕ ಒರೆಸಿಕೊಂಡರು.

ಆ ತಟ್ಟೆಯ ಮುಂದೆ ಈಗ ಯಾರೂ ಇಲ್ಲ. ಏನೆಂದಳು ಎಂದು ನನ್ನನ್ನು ಕೇಳಬೇಡಿ, ನಾನು ನಡುವೆ ನಿಂತಿದ್ದೆ. ಕೇಳಿಸಿದ್ದರೂ ಈ ಸಲ ಬರೆಯುತ್ತಿರಲಿಲ್ಲ.

ಬನ್ನಿ, ಸದ್ದಾಗದಂತೆ ಹೊರಗೆ ಹೋಗೋಣ. ಅವಳು ಇನ್ನೂ ಮಾತಾಡುತ್ತಿದ್ದಾಳೆ.