ನಾಲ್ಕನೆಯ ಸಾಲು

ಐಶ್ವರ್ಯ ಕೆಲಸಕ್ಕೆ ಸೇರಿದ ಮೊದಲ ದಿನವೇ ಶಿವರಾಜನಿಗೆ ಅವಳ ಮೇಲೆ ಗುಮಾನಿ ಬಂತು. ಕಾರಣ ದೊಡ್ಡದೇನಲ್ಲ. ಅವಳು ನಮಸ್ಕಾರ ಮಾಡಿದಳು, ಸಾರ್ ಅಂದಳು, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ಹೇಳಿಕೊಡಿ ಅಂದಳು. ಇಪ್ಪತ್ತೇಳು ವರ್ಷದ, ದೊಡ್ಡ ಕಂಪನಿ ನೋಡಿ ಬಂದ ಹುಡುಗಿ ಐವತ್ತಾರರ ಮನುಷ್ಯನ ಮುಂದೆ ಇಷ್ಟು ತಗ್ಗಿ ಬಗ್ಗಿ ನಡೆಯುತ್ತಾಳೆ ಅಂದರೆ ಒಳಗೆ ಏನೋ ಇರಲೇಬೇಕು. ಅತಿ ವಿನಯಂ ಧೂರ್ತ ಲಕ್ಷಣಂ ಅಂತ ಹಿರಿಯರು ಸುಮ್ಮನೆ ಹೇಳಿದ್ದಾರೆಯೇ?

ಜಯನಗರ ನಾಲ್ಕನೇ ಬ್ಲಾಕಿನ ಒಂದು ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಆಫೀಸು. ಒಟ್ಟು ಆರು ಜನ. ಬನಶಂಕರಿಯಿಂದ ಕೋಣನಕುಂಟೆಯವರೆಗೆ ಮೂವತ್ತೆಂಟು ಕಲ್ಯಾಣ ಮಂಟಪಗಳ ಬುಕಿಂಗ್ ನೋಡಿಕೊಳ್ಳುವ ಪ್ರೋಗ್ರಾಮು ಅವರದು. ಯಾವ ದಿನ ಯಾವ ಛತ್ರ ಖಾಲಿ, ಯಾವುದು ಭರ್ತಿ ಅಂತ ಮ್ಯಾನೇಜರುಗಳಿಗೆ ಹೇಳುವುದು ಅದೇ. ಹದಿನೆಂಟು ವರ್ಷದ ಹಿಂದೆ ಅದನ್ನು ಬರೆದವನು ಶಿವರಾಜ, ಅಂದಿನಿಂದ ಅದನ್ನು ಸಾಕಿದವನೂ ಅವನೇ. ಅದು ಓಡುತ್ತಿದ್ದದ್ದು ಮೂಲೆಯಲ್ಲಿದ್ದ ಒಂದು ಹಳೇ ಕಂಪ್ಯೂಟರಿನಲ್ಲಿ. ಅದರ ನೆತ್ತಿಯ ಮೇಲೆ ವರ್ಷವರ್ಷದ ಆಯುಧಪೂಜೆಯ ಕುಂಕುಮ ಪದರಪದರವಾಗಿ ಕೂತಿತ್ತು. ಹೊಟ್ಟೆಯ ಮೇಲೆ ಶಿವರಾಜನ ಕೈಬರಹದ ಚೀಟಿ: ಮುಟ್ಟಬೇಡಿ.

ಹೋದ ಮಳೆಗಾಲದಲ್ಲಿ ಶಿವರಾಜ ಡೆಂಗೀ ಬಂದು ಹನ್ನೆರಡು ದಿನ ಮಲಗಿಬಿಟ್ಟ. ಆಫೀಸಿನಲ್ಲಿ ಒಬ್ಬರಿಗೂ ಒಂದು ಅಕ್ಷರ ಬದಲಾಯಿಸಲು ಬರಲಿಲ್ಲ. ಮಾಲೀಕ ಕೈಲಾಸ್ ಆವಾಗಲೇ ಹೆದರಿದ್ದು, ಐಶ್ವರ್ಯಳನ್ನು ಕರೆತಂದದ್ದೂ ಅದಕ್ಕೇ. ಅವಳು ಮಾಡಬೇಕಾದ ಕೆಲಸಕ್ಕೆ ಕಂಟೇನರ್ ಅಂತ ಹೆಸರು. ಪ್ರೋಗ್ರಾಮು, ಅದಕ್ಕೆ ಬೇಕಾದ ಹಳೇ ತಂತ್ರಾಂಶಗಳು, ಡೇಟಾಬೇಸು, ಸೆಟ್ಟಿಂಗು ಎಲ್ಲವನ್ನೂ ಊಟದ ಕ್ಯಾರಿಯರಿಗೆ ತುಂಬಿದ ಹಾಗೆ ಒಂದೇ ಡಬ್ಬಿಗೆ ತುಂಬುವುದು. ಆಮೇಲೆ ಯಾವ ಲ್ಯಾಪ್‌ಟಾಪಿನಲ್ಲಿ ತೆರೆದರೂ ಅದೇ ಥರ ನಡೆಯಬೇಕು. ಹೊಸಬರು ಯಾರೇ ಬಂದರೂ ಹತ್ತು ನಿಮಿಷದಲ್ಲಿ ಕೆಲಸ ಶುರು ಮಾಡಬಹುದು ಅಂತ ಕೈಲಾಸ್ ಎಲ್ಲರೆದುರು ಖುಷಿಯಿಂದ ಹೇಳಿದ. ‘ಹೊಸಬರು ಯಾರೇ ಬಂದರೂ’ ಅನ್ನುವ ಮಾತು ಶಿವರಾಜನ ಕಿವಿಯಲ್ಲಿ ಮುಳ್ಳಿನ ಹಾಗೆ ಕೂತಿತು. ಡಬ್ಬಿಯ ಮುಚ್ಚಳ ಬಿಗಿಯಾದ ದಿನ ತನ್ನನ್ನು ಶಾಲು ಹೊದಿಸಿ ಮನೆಗೆ ಕಳಿಸುತ್ತಾರೆ. ಐವತ್ತಾರಕ್ಕೆ ಈ ಊರಿನಲ್ಲಿ ಇನ್ಯಾರು ಕೆಲಸ ಕೊಡುತ್ತಾರೆ?

ಒಮ್ಮೆ ಅನುಮಾನ ಹೊಕ್ಕ ಮೇಲೆ ಪುರಾವೆಗಳಿಗೇನು ಬರ. ಅವಳು ಫೋನು ಬಂದರೆ ಟೆರೇಸಿಗೆ ಹೋಗುತ್ತಿದ್ದಳು. ಕೆಳಗೆ ಕೈಲಾಸ್ ಜೊತೆ ಬೈಟು ಕಾಫಿ ಕುಡಿಯುವಾಗ ಶಿವರಾಜ ಹೋದರೆ ಇಬ್ಬರೂ ಮಾತು ನಿಲ್ಲಿಸುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ಅವನು ಏನು ಹೇಳಿದರೂ ಅವಳು ಟಕಟಕ ಅಂತ ಒಂದು ಫೈಲಿನಲ್ಲಿ ಬರೆದುಕೊಳ್ಳುತ್ತಿದ್ದಳು. ಮರೆತಿದ್ದನ್ನು, ತಡವರಿಸಿದ್ದನ್ನು, ‘ಅದ್ಯಾಕೋ ಹಂಗೇ ಇದೆ ಬಿಡಮ್ಮ’ ಅಂದದ್ದನ್ನು ಕೂಡ. ಇದು ಕೈಲಾಸ್‌ಗೆ ಹೋಗುವ ವರದಿಯೇ ಸರಿ ಅಂತ ಶಿವರಾಜ ತೀರ್ಮಾನಿಸಿದ. ಇಣುಕಿ ನೋಡಬಹುದಿತ್ತು, ಅವಳೇನೂ ಪರದೆ ಮುಚ್ಚುತ್ತಿರಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿ ತಾನಲ್ಲ ಅಂತ ಬೇಕೆಂದೇ ಬೇರೆ ಕಡೆ ನೋಡುತ್ತಿದ್ದ.

ನಿಜ ಹೇಳಬೇಕೆಂದರೆ ಮುಟ್ಟಿಕೊಳ್ಳಲು ಹೆಗಲ ಮೇಲೆ ಒಂದಿಷ್ಟು ಬೂದಿ ಇತ್ತು.

ಛತ್ರದ ದಿನ ನಮ್ಮ ನಿಮ್ಮ ದಿನದಂತಲ್ಲ. ಭಾನುವಾರದ ಮದುವೆ ಅಂದರೆ ಶನಿವಾರ ಸಂಜೆ ನಾಲ್ಕೂವರೆಗೆ ಬೀಗದ ಕೈ ಕೊಡುತ್ತಾರೆ. ಅಂದು ರಾತ್ರಿ ಆರತಕ್ಷತೆ, ಬೆಳಿಗ್ಗೆ ಮುಹೂರ್ತ, ಭಾನುವಾರ ನಾಲ್ಕೂವರೆಗೆ ಖಾಲಿ ಮಾಡಬೇಕು. ಅಂದರೆ ಛತ್ರದಲ್ಲಿ ತಾರೀಕು ಬದಲಾಗುವುದು ನಡುರಾತ್ರಿಯಲ್ಲಲ್ಲ, ಹಿಂದಿನ ಸಂಜೆಯೇ. ಇದು ಶಿವರಾಜನ ತಲೆಗೆ ಹೊಳೆದದ್ದು ಪ್ರೋಗ್ರಾಮೆಲ್ಲ ಬರೆದು ಮುಗಿಸಿ, ಯಡಿಯೂರು ಕೆರೆ ಹತ್ತಿರದ ಛತ್ರದ ಮ್ಯಾನೇಜರ್ ಗೂಳಪ್ಪ ಬಂದು ಮೇಜು ಕುಟ್ಟಿದ ಮೇಲೆ. ತಾರೀಕಿನ ಲೆಕ್ಕ ನೂರಾರು ಕಡೆ ಹರಡಿತ್ತು, ತಿದ್ದಲು ತಿಂಗಳು ಬೇಕು. ಶಿವರಾಜ ಒಂದು ಉಪಾಯ ಹುಡುಕಿದ. ನಮ್ಮಲ್ಲಿ ಸಂಜೆ ನಾಲ್ಕೂವರೆ ಆದಾಗ ಸರಿಯಾಗಿ ನಡುರಾತ್ರಿ ಆಗುವ ಊರು ಭೂಮಿಯ ಮೇಲೆ ಎಲ್ಲಾದರೂ ಇರಬೇಕಲ್ಲ? ಇತ್ತು. ಪೆಸಿಫಿಕ್ ಸಾಗರದ ಟೋಂಗಾ ಅನ್ನುವ ದ್ವೀಪ. ಪ್ರೋಗ್ರಾಮನ್ನು ಎಬ್ಬಿಸುವ ಪುಟ್ಟ ಫೈಲಿನಲ್ಲಿ ಮೂರು ಸಾಲುಗಳಿದ್ದವು. ಅದಕ್ಕೆ ನಾಲ್ಕನೆಯದೊಂದು ಸೇರಿಸಿ, ನೀನಿರುವುದು ಟೋಂಗಾದಲ್ಲಿ ಅಂತ ಪ್ರೋಗ್ರಾಮಿಗೆ ಸುಳ್ಳು ಹೇಳಿದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಜಯನಗರದ ಮದುವೆಗಳೆಲ್ಲ ಹದಿನೆಂಟು ವರ್ಷ ಟೋಂಗಾದ ಗಡಿಯಾರದ ಪ್ರಕಾರ ನಡೆದವು. ಗೂಳಪ್ಪ ಹೊಗಳಿದ. ಒಳ್ಳೆಯ ಪ್ರೋಗ್ರಾಮರ್ ಮಾಡುವ ಕೆಲಸ ಇದಲ್ಲ ಅನ್ನುವ ನಾಚಿಕೆಯಿಂದ ಶಿವರಾಜ ಒಬ್ಬರಿಗೂ ಹೇಳಲಿಲ್ಲ. ಮುಟ್ಟಬೇಡಿ ಅನ್ನುವ ಚೀಟಿ ಅಂಟಿಸಿದ್ದು ಆ ವಾರವೇ.

ಎರಡನೇ ವಾರದಲ್ಲಿ ಐಶ್ವರ್ಯ ಕೇಳಿದಳು, ಪ್ರೋಗ್ರಾಮನ್ನು ನೀವು ಹೇಗೆ ಶುರು ಮಾಡುತ್ತೀರಿ ಅಂತ. ಶಿವರಾಜ ಮೊದಲನೆಯ ಸಾಲು ಹೇಳಿದ, ಎರಡನೆಯದು ಹೇಳಿದ, ಮೂರನೆಯದು ಹೇಳಿ ನಿಲ್ಲಿಸಿದ.

“ಇಷ್ಟೇನಾ ಸಾರ್?”

“ಇಷ್ಟೇ.”

ಅವಳು ಬರೆದುಕೊಂಡಳು. ಡಬ್ಬಿ ಎಲ್ಲೋ ಸಣ್ಣದಾಗಿ ಎಡವುತ್ತದೆ, ಎಲ್ಲರೂ ತನ್ನ ಹತ್ತಿರ ಓಡಿ ಬರುತ್ತಾರೆ, ತಾನು ಸರಿಮಾಡಿ ಕೊಡುತ್ತೇನೆ, ಮನೆಗೆ ಕಳಿಸುವ ಮಾತು ಅಲ್ಲಿಗೆ ಮುಗಿಯುತ್ತದೆ ಅಂತ ಅವನ ಎಣಿಕೆ.

ಡಬ್ಬಿ ಎಡವಲಿಲ್ಲ. ಹಳೇ ಬುಕಿಂಗುಗಳಿಗೆಲ್ಲ ತಾರೀಕು ಆಗಲೇ ಬಿದ್ದಿತ್ತಾದ್ದರಿಂದ ಪರೀಕ್ಷೆಯಲ್ಲಿ ಎಲ್ಲವೂ ತಾಳೆಯಾದವು. ಕೈಲಾಸ್ ಹಿಗ್ಗಿ, ಒಂದು ಛತ್ರವನ್ನು ಇದರ ಮೇಲೇ ಓಡಿಸಿ ನೋಡೋಣ ಅಂತ ಯಡಿಯೂರಿನದನ್ನು ಆರಿಸಿದ. ಶಿವರಾಜ ಒಂದು ವಾರ ದಿನಾ ಅದರ ಪಟ್ಟಿ ನೋಡಿದ. ಬಂದದ್ದೆಲ್ಲ ನಾಮಕರಣ, ಸೀಮಂತ, ಬೆಳಗಿನ ಕಾರ್ಯಕ್ರಮಗಳು. ತಾರೀಕು ತಪ್ಪುವ ಪ್ರಶ್ನೆಯೇ ಇರಲಿಲ್ಲ. ಎರಡನೇ ವಾರಕ್ಕೆ ನೋಡುವುದನ್ನು ಬಿಟ್ಟ. ತಪ್ಪು ಮಾಡಿದವನು ಮರೆಯುವಷ್ಟು ಬೇಗ ಬೇರೆ ಯಾರೂ ಮರೆಯುವುದಿಲ್ಲ.

ಮುಂದಿನ ತಿಂಗಳು ಒಂದು ಶುಕ್ರವಾರ ಗೂಳಪ್ಪನ ಫೋನು ಬಂತು. ಅಂಜನಾಪುರದ ಒಂದು ಕುಟುಂಬ ಮಗಳ ಮದುವೆಗೆ ಶನಿವಾರ ಸಂಜೆಯಿಂದ ಛತ್ರ ಹಿಡಿದಿತ್ತು. ಹೊಸ ಡಬ್ಬಿ ಅದನ್ನು ಶನಿವಾರದ ತಾರೀಕಿಗೇ ಕೂರಿಸಿ, ಭಾನುವಾರ ಖಾಲಿ ಅಂತ ತೋರಿಸಿತ್ತು. ಗೂಳಪ್ಪ ಆ ಭಾನುವಾರವನ್ನು ಇನ್ನೊಬ್ಬರಿಗೆ ಕೊಟ್ಟಿದ್ದ. ಇಬ್ಬರೂ ಲಗ್ನಪತ್ರಿಕೆ ಹಂಚಿ ಮುಗಿಸಿದ್ದರು. ಮದುವೆಗೆ ಉಳಿದದ್ದು ಒಂಬತ್ತು ದಿನ. ಹುಡುಗಿಯ ತಂದೆ ಛತ್ರದ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಾರೆ, ಏಳುತ್ತಿಲ್ಲ ಅಂತ ಗೂಳಪ್ಪ ಹೇಳಿದ.

ಕೈಲಾಸ್ ಶಿವರಾಜನನ್ನೂ ಐಶ್ವರ್ಯಳನ್ನೂ ಒಳಗೆ ಕರೆದ. ಶಿವರಾಜ್ ಏನಾದರೂ ಹೇಳದೆ ಬಿಟ್ಟಿದ್ದರಾ ಅಂತ ಐಶ್ವರ್ಯಳನ್ನೇ ನೇರವಾಗಿ ಕೇಳಿದ. ಈಗ ತನ್ನ ಕಡೆ ಬೊಟ್ಟು ಮಾಡುತ್ತಾಳೆ, ಆ ಫೈಲು ತೆಗೆದು ತೋರಿಸುತ್ತಾಳೆ ಅಂತ ಶಿವರಾಜ ಹಲ್ಲು ಕಚ್ಚಿಕೊಂಡು ನಿಂತ.

“ಇಲ್ಲ ಸಾರ್, ಅವ್ರು ಎಲ್ಲಾ ಹೇಳಿದಾರೆ. ನಾನೇ ಎಲ್ಲೋ ಬಿಟ್ಟಿದೀನಿ. ತಪ್ಪು ನಂದು.”

ಸೋಮವಾರದಿಂದ ಬರಬೇಡ ಅಂತ ಕೈಲಾಸ್ ಹೇಳಿದ. ಅವಳು ತಲೆಯಾಡಿಸಿ ಟೆರೇಸಿನ ಕಡೆ ಹೋದಳು. ಅವಳ ಲ್ಯಾಪ್‌ಟಾಪು ತೆರೆದೇ ಇತ್ತು.

ಶಿವರಾಜ ಆಗ ನೋಡಿದ. ಫೈಲಿನ ತಲೆಯ ಮೇಲೆ ‘ಹೊಸದಾಗಿ ಸೇರುವವರಿಗೆ’ ಅಂತಿತ್ತು. ಕೆಳಗೆ, ಇಲ್ಲಿ ವಿಚಿತ್ರವಾಗಿ ಕಾಣುವ ಯಾವುದನ್ನೂ ಅಳಿಸಬೇಡಿ, ಪ್ರತಿಯೊಂದಕ್ಕೂ ಕಾರಣ ಇದೆ, ಗೊತ್ತಾಗದಿದ್ದರೆ ಶಿವರಾಜ್ ಸಾರ್ ಅವರನ್ನು ಕೇಳಿ, ತಾಳ್ಮೆಯಿಂದ ಹೇಳುತ್ತಾರೆ ಅಂತ ಬರೆದಿದ್ದಳು. ಪುಟಗಟ್ಟಲೆ ಅವನದೇ ಮಾತುಗಳು, ಪಕ್ಕದಲ್ಲಿ ಅವನದೇ ಹೆಸರು. ಅವನು ತಡವರಿಸಿದ ಕಡೆ ಅವಳು ತಿದ್ದಿ ಚಂದ ಮಾಡಿದ್ದಳು. ಪ್ರೋಗ್ರಾಮು ಎಬ್ಬಿಸುವ ಜಾಗದಲ್ಲಿ ಆ ಮೂರು ಸಾಲು, ಅದರಡಿ ಒಂದು ಟಿಪ್ಪಣಿ: ‘ಹಳೇ ಮಶೀನಿನಲ್ಲಿ ತೆರೆದು ನೋಡಿಲ್ಲ. ಸಾರ್ ಹೇಳಿದ್ದಾರೆ, ಸಾಕು.’

ಅವನಿಗೆ ಅಲ್ಲೇ ಭೂಮಿಗಿಳಿದು ಹೋಗೋಣ ಅನ್ನಿಸಿತು. ಕಣ್ಣು ತುಂಬಿ ಬಂತು. ಎದ್ದು ಕೈಲಾಸ್ ಕೋಣೆಯ ಬಾಗಿಲು ತಳ್ಳಿದ.

“ನಾಲ್ಕು ಸಾಲು ಇತ್ತು ಕೈಲಾಸ್. ನಾನು ಬೇಕಂತ್ಲೇ ಒಂದು ಹೇಳ್ಲಿಲ್ಲ. ಆ ಹುಡುಗಿದು ಏನೂ ತಪ್ಪಿಲ್ಲ.”

ಟೋಂಗಾದಿಂದ ಹಿಡಿದು ಎಲ್ಲ ಹೇಳಿದ. ಕೈಲಾಸ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಇನ್ನೇನೇನ್ ಮುಚ್ಚಿಟ್ಟಿದೀರಾ?” ಅಂತ ಮೆತ್ತಗೆ ಕೇಳಿದ. ಏನೂ ಇಲ್ಲ ಅಂದದ್ದನ್ನು ಕೈಲಾಸ್ ನಂಬಲಿಲ್ಲ ಅನ್ನುವುದು ಶಿವರಾಜನಿಗೆ ಕಾಣುತ್ತಿತ್ತು. ಕೆಲಸದಿಂದ ತೆಗೆಯಲಿಲ್ಲ. ತೆಗೆಯುವ ಯೋಚನೆ ಮೊದಲೂ ಇರಲಿಲ್ಲವಂತೆ. ಇನ್ನೊಂದು ಕಾಯಿಲೆ ಬಂದರೆ ನೆಮ್ಮದಿಯಾಗಿ ಮಲಗಲಿ ಅಂತ ಡಬ್ಬಿ ಕಟ್ಟಿಸಿದ್ದು ಅಂತ ಅಂದೇ ತಿಳಿಯಿತು. ಆ ಸಂಜೆ ಶಿವರಾಜ ಯಡಿಯೂರಿಗೆ ಹೋಗಿ ಎರಡೂ ಮನೆಯವರ ಮುಂದೆ ಕೈ ಮುಗಿದು ನಿಂತ. ಎರಡನೆಯವರಿಗೆ ಬನಶಂಕರಿಯಲ್ಲಿ ಒಂದು ಛತ್ರ ಸಿಕ್ಕಿತು. ಅವರ ನೆಂಟರಿಗೆಲ್ಲ ಶನಿವಾರ, ಭಾನುವಾರ ಇಡೀ ಅವನೇ ಫೋನು ಮಾಡಿ ವಿಳಾಸ ಬದಲಾದದ್ದನ್ನು ಹೇಳಿದ.

ಕೈಲಾಸ್ ನಡೆದದ್ದೆಲ್ಲ ಹೇಳಿ ವಾಪಸು ಕರೆದಿದ್ದರಿಂದ ಸೋಮವಾರ ಐಶ್ವರ್ಯ ಬಂದಳು. ನಮಸ್ಕಾರ ಮಾಡಿದಳು, ಸಾರ್ ಅಂದಳು, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಶಿವರಾಜ ಕ್ಷಮೆ ಕೇಳಿದ. ಪರವಾಗಿಲ್ಲ ಬಿಡಿ ಸಾರ್ ಅಂದಳು, ಸಿಟ್ಟೂ ಇರಲಿಲ್ಲ ದನಿಯಲ್ಲಿ. ಅವನು ನಾಲ್ಕನೆಯ ಸಾಲನ್ನು ಅಕ್ಷರ ಅಕ್ಷರವಾಗಿ ಹೇಳಿದ. ಅವಳ ಬೆರಳುಗಳು ಕೀಲಿಗಳ ಮೇಲೆ ಇಳಿದು ನಿಂತವು.

“ಒಂದ್ನಿಮಿಷ ಸಾರ್.”

ಎದ್ದು ಮೂಲೆಯ ಕಂಪ್ಯೂಟರಿನ ಹತ್ತಿರ ಹೋದಳು. ಮುಟ್ಟಬೇಡಿ ಅನ್ನುವ ಚೀಟಿಯ ಪಕ್ಕದಲ್ಲಿ ಕೈಯೂರಿ, ಫೈಲು ತೆರೆದು, ಸಾಲುಗಳನ್ನು ಬೆರಳಿಟ್ಟು ಒಂದೊಂದಾಗಿ ಎಣಿಸಿದಳು. ವಾಪಸು ಬಂದು ಟೈಪ್ ಮಾಡಿದಳು. ಆಮೇಲೆ ಬ್ಯಾಕಪ್ ಎಷ್ಟು ಗಂಟೆಗೆ ಆಗುತ್ತದೆ ಅಂತ ಕೇಳಿದಳು. ಬೆಳಿಗ್ಗೆ ಐದಕ್ಕೆ ಅಂತ ಶಿವರಾಜ ನಿಜವನ್ನೇ ಹೇಳಿದ. ಅವಳು ಸರಿ ಸಾರ್ ಅಂದು, ಮತ್ತೆ ಎದ್ದು, ನೋಡಲು ಹೋದಳು.